ಕುಂದಾಪುರದಿಂದ ಹಿಂದಕ್ಕೆ

ಮುಲುಂಡ್, ಮುಂಬೈ
ಅಕ್ಟೋಬರ್ 4, 2025

ಅತ್ತೆಯವರಿಗೆ ಮೈತ್ರೇಯಿಯ ನಮಸ್ಕಾರಗಳು.

ನೀವು ಫೋನ್ ಎತ್ತುವುದಿಲ್ಲ. ಮೆಸೇಜಿಗೂ ಉತ್ತರವಿಲ್ಲ. ಕೊನೆಗೆ ನಿಮ್ಮ ಕೆಳಗಿನ ಮನೆಯ ದೇವಿರಮ್ಮನವರಿಗೆ ಫೋನ್ ಮಾಡಿ ವಿಚಾರಿಸಿದೆ. "ಚೆನ್ನಾಗವ್ರೆ ಕಣವ್ವ. ಫೋನ್ ಮಾತ್ರ ಕಿವಿಗೆ ಇಡಾಕಿಲ್ಲ ಅಂತಾರೆ. ಒಂದ್ ಕಾಗ್ದ ಬರ್ದಾಕು" ಅಂದರು. ಅದಕ್ಕೇ ಈ ಪತ್ರ. ಕನ್ನಡದಲ್ಲಿ ಕೈಯಿಂದ ಬರೆದು ಎಷ್ಟೋ ವರ್ಷವಾಗಿದೆ, ತಪ್ಪಿದ್ದರೆ ಕೆಂಪು ಪೆನ್ನು ತೆಗೆಯಬೇಡಿ.

ಇವರು ನಿಮ್ಮನ್ನು ಮುಂಬೈಯಿಂದ ಮಂಗಳೂರಿನವರೆಗೆ ಕಡಲ ಪಕ್ಕದ ದಾರಿಯಲ್ಲೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂತ ಐದು ವರ್ಷದಿಂದ ಹೇಳುತ್ತಿದ್ದರು. ಮೂವತ್ತೆರಡು ವರ್ಷ ಭೂಗೋಳ ಪಾಠ ಮಾಡಿದ ಅಮ್ಮ ಆ ಕರಾವಳಿಯನ್ನು ಭೂಪಟ ಬಿಟ್ಟರೆ ಇನ್ನೆಲ್ಲೂ ನೋಡಿಲ್ಲ ಅಂತ ರೇಗಿಸುತ್ತಿದ್ದರು. ಆ ಪ್ರವಾಸ ನಾವಿಬ್ಬರೇ ಮಾಡೋಣವೇ? ಜನವರಿಯಲ್ಲಿ, ಐದು ದಿನ. ನೀವು ದಾದರ್ ರೈಲಿನಲ್ಲಿ ಬನ್ನಿ. ನಮ್ಮಣ್ಣ ಅವನ ಕಾರು ಕೊಡುತ್ತಾನೆ, ನಾನು ಓಡಿಸುತ್ತೇನೆ. ಮಂಗಳೂರು ಮುಟ್ಟಿದ ಮೇಲೆ ನಿಮ್ಮನ್ನು ಮೈಸೂರಿಗೆ ಬಿಟ್ಟು ಬರುತ್ತೇನೆ.

ಇನ್ನೊಂದು ಮಾತು. ಜುಲೈ ಇಪ್ಪತ್ತಮೂರರ ಮಧ್ಯಾಹ್ನ ಇವರು ಕೊನೆಯದಾಗಿ ಮಾತಾಡಿದ್ದು ನಿಮ್ಮ ಜೊತೆ. ನಾಲ್ಕು ನಿಮಿಷ. ಅದಾದ ಎರಡು ಗಂಟೆಯ ಮೇಲೆ ಹೊನ್ನಾವರದ ಹತ್ತಿರ, ಮಳೆಯಲ್ಲಿ, ಕಾರು ಮೋರಿಗೆ ಹೊಡೆಯಿತು. ಆ ನಾಲ್ಕು ನಿಮಿಷದಲ್ಲಿ ಏನು ಹೇಳಿದರು? ವೈಕುಂಠ ಸಮಾರಾಧನೆಯ ದಿನವೇ ಕೇಳಬೇಕು ಅಂತಿದ್ದೆ, ಧೈರ್ಯ ಬರಲಿಲ್ಲ.

ಮೈತ್ರೇಯಿ


ಲಕ್ಷ್ಮೀಪುರಂ, ಮೈಸೂರು
ಅಕ್ಟೋಬರ್ 13, 2025

ಚಿ. ಮೈತ್ರೇಯಿಗೆ ಆಶೀರ್ವಾದಗಳು.

'ಚಿ' ಬರೆದ ಮೇಲೆ ಕೈ ತಾನಾಗಿ 'ಸೌ' ಬರೆದುಬಿಟ್ಟಿತು. ಹನ್ನೊಂದು ವರ್ಷದ ಅಭ್ಯಾಸ. ಆ ಹಾಳೆ ಹರಿದು ಹಾಕಿ ಇನ್ನೊಂದು ತೆಗೆದುಕೊಂಡಿದ್ದೀನಿ. ಹರಿಯುವಾಗ ಅಳು ಬಂತು, ಸುಮ್ಮನೆ ಯಾಕೆ ಮುಚ್ಚಿಡಲಿ.

ನಿನ್ನ ಪತ್ರದಲ್ಲಿ ಎರಡು ಕಡೆ ಒತ್ತಕ್ಷರ ತಪ್ಪಿದೆ. ಪೆನ್ನು ತೆಗೆದಿಲ್ಲ.

ವರ್ಷ ತುಂಬುವವರೆಗೆ ತೀರ್ಥಯಾತ್ರೆ ಕೂಡದು ಅಂತ ನನ್ನ ತಂಗಿ ಹೇಳುತ್ತಾಳೆ. ಇದು ತೀರ್ಥಯಾತ್ರೆ ಅಲ್ಲವಲ್ಲ, ರಸ್ತೆ ನೋಡಲು ಹೋಗುವುದು ಅಂದೆ. ಆದ್ದರಿಂದ ಬರುತ್ತೇನೆ.

ಸ್ಕೂಲಿನಲ್ಲಿ ಬೀಳ್ಕೊಡುಗೆಗೆ ಕೊಟ್ಟಿದ್ದ ಅಟ್ಲಾಸ್ ತೆಗೆದು ಕೂತೆ. ಮೊದಲ ದಿನ ಮುಂಬೈ ಬಿಟ್ಟು ಅಲಿಬಾಗ್, ಮುರುಡ್. ಎರಡನೆಯ ದಿನ ದಾಪೋಲಿ ದಾಟಿ ಗಣಪತಿಪುಳೆ. ಮೂರನೆಯ ದಿನ ರತ್ನಗಿರಿ, ಮಾಲ್ವಣ. ನಾಲ್ಕನೆಯ ದಿನ ಗೋವಾ ದಾಟಿ ಕಾರವಾರ. ನಡುವೆ ಕಡಲು ಒಳನುಗ್ಗಿರುವ ಖಾರಿಗಳಿಗೆ ಸೇತುವೆ ಇಲ್ಲದ ಕಡೆ ಕಾರನ್ನೇ ದೋಣಿಗೆ ಹತ್ತಿಸುತ್ತಾರಂತೆ. ಅಯ್ಯೋ ರಾಮ, ಕಾರು ದೋಣಿ ಹತ್ತುವುದೇ! ನಾನು ಮಾತ್ರ ಕಾರಿನಿಂದ ಇಳಿದೇ ದೋಣಿ ಹತ್ತುವವಳು, ಮೊದಲೇ ಹೇಳಿದ್ದೀನಿ.

ಕಾರವಾರ ಆದ ಮೇಲೆ ಅಂಕೋಲದಲ್ಲಿ ಎಡಕ್ಕೆ ತಿರುಗಿ, ಘಾಟಿ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ ಮೇಲೆ ಮೈಸೂರಿಗೆ ಬಂದುಬಿಡೋಣ. ಅಷ್ಟು ಹೊತ್ತಿಗೆ ಕಡಲು ನೋಡಿ ಸಾಕಾಗಿರುತ್ತದೆ. ಮಂಗಳೂರು ಏನು ಮಹಾ, ಇಲ್ಲಿಂದ ಬಸ್ಸು ಹತ್ತಿದರೆ ಯಾವತ್ತು ಬೇಕಾದರೂ ನೋಡಬಹುದು.

ಫೋನಿನ ವಿಷಯ ಕೇಳಿದ್ದೀಯ. ಹೇಳುವುದಕ್ಕೆ ಏನಿದೆ? ಊಟ ಆಯ್ತಾ ಸಮರ್ಥ ಅಂದೆ, ಆಯ್ತು ಅಂದ. ಮಳೆ ಜೋರಾಗಿದೆ ಅಂದ, ಹುಷಾರು ಅಂದೆ. ಅಷ್ಟೇ ಕಣಮ್ಮ.

ದಪ್ಪ ಸ್ವೆಟರ್ ಬೇಕಾಗುತ್ತದೆಯೋ, ಶಾಲು ಸಾಕೋ ತಿಳಿಸು.

ಪಂಕಜಾ


ಮುಲುಂಡ್
ಅಕ್ಟೋಬರ್ 25, 2025

ಅತ್ತೆಯವರಿಗೆ ನಮಸ್ಕಾರ.

ಶಾಲು ಸಾಕು. ಹಬ್ಬಕ್ಕೆ ಇಲ್ಲಿ ಎಲ್ಲರ ಬಾಲ್ಕನಿಯಲ್ಲೂ ಆಕಾಶಬುಟ್ಟಿ ಇತ್ತು, ನಮ್ಮದೊಂದು ಬಿಟ್ಟು. ಮೂರು ದಿನವೂ ಪರದೆ ಎಳೆದುಕೊಂಡು ಕೂತಿದ್ದೆ.

ನಿಮ್ಮ ಪಟ್ಟಿ ಚೆನ್ನಾಗಿದೆ. ಆದರೆ ಅಂಕೋಲದಲ್ಲಿ ತಿರುಗುವುದು ಬೇಡ. ಹೊನ್ನಾವರದ ಆ ಜಾಗ ನಾನು ನೋಡಬಾರದು ಅಂತ ನೀವು ಹಾಗೆ ಬರೆದಿದ್ದೀರಿ, ಗೊತ್ತಾಗುತ್ತದೆ. ನಿಮ್ಮ ಮನಸ್ಸು ದೊಡ್ಡದು. ಆದರೆ ನಾನು ಹೊರಡುತ್ತಿರುವುದೇ ಅದಕ್ಕೆ. ಹೊನ್ನಾವರವಷ್ಟೇ ಅಲ್ಲ, ಕುಂದಾಪುರದವರೆಗೂ ಹೋಗಬೇಕು. ಅಲ್ಲಿ ಒಂದು ರಾತ್ರಿಗೆ ಕೋಣೆ ಕಾದಿರಿಸಿದ್ದೇನೆ.

ಕುಂದಾಪುರವೇ ಯಾಕೆ ಅಂದರೆ, ಕಾರಿನ ಟೋಲ್ ಕಟ್ಟಾದಾಗಲೆಲ್ಲ ಮೆಸೇಜ್ ಬರುವುದು ನನ್ನ ಮೊಬೈಲಿಗೆ. ಆ ಬುಧವಾರ ಶಿರೂರು ಟೋಲು ಎರಡು ಹತ್ತಕ್ಕೆ ಒಂದು ಸಲ ಬಂತು. ಆಮೇಲೆ ಕುಂದಾಪುರ ದಾಟಿದರೆ ಸಾಸ್ತಾನ ಟೋಲು ಬರಬೇಕು, ಬರಲಿಲ್ಲ. ಮೂರು ಐವತ್ತೆರಡಕ್ಕೆ ಮತ್ತೆ ಶಿರೂರೇ ಬಂತು. ಕಾರಿನ ಮುಖ ಮುಂಬೈ ಕಡೆಗಿತ್ತು ಅಂತ ಪೊಲೀಸರೂ ಹೇಳಿದರು. ಅಂದರೆ ಕುಂದಾಪುರದವರೆಗೆ ಬಂದವರು ಹಿಂದಕ್ಕೆ ತಿರುಗಿಸಿದ್ದಾರೆ. ನಿಮಗೆ ಫೋನ್ ಮಾಡಿದ್ದು ಎರಡು ಐವತ್ತೈದಕ್ಕೆ.

ಅತ್ತೆ, ಊಟ ಆಯ್ತಾ ಅಂತ ಕೇಳಲು ನಾಲ್ಕು ನಿಮಿಷ ಬೇಡ.

ನಾನೂ ಒಂದು ಸುಳ್ಳು ಹೇಳಿದ್ದೇನೆ. ಆಫೀಸ್ ಕೆಲಸಕ್ಕೆ ಹೋಗಿದ್ದರು ಅಂತ ಎಲ್ಲರ ಮುಂದೆ ಅಂದೆ. ಅದಲ್ಲ. ನಾವು ಜಗಳ ಆಡಿದ್ದೆವು, ದೊಡ್ಡದಾಗಿಯೇ. ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ ಅನ್ನುವಷ್ಟು. ಸೋಮವಾರ ಸಂಜೆ ಬ್ಯಾಗು ತೆಗೆದುಕೊಂಡು ಹೊರಟುಬಿಟ್ಟರು. ಬಹುಶಃ ನಿಮ್ಮ ಹತ್ತಿರ ಬರುತ್ತಿದ್ದರು. ಹಾಗಾದರೆ ತಿರುಗಿಸಿದ್ದು ಯಾಕೆ? ನನಗೆ ಅದೊಂದು ಗೊತ್ತಾಗಬೇಕು. ಈಗ ಬೇರೇನೂ ಬೇಕಾಗಿಲ್ಲ.

ಮೈತ್ರೇಯಿ


ಲಕ್ಷ್ಮೀಪುರಂ, ಮೈಸೂರು
ನವೆಂಬರ್ 5, 2025

ಚಿ. ಮೈತ್ರೇಯಿಗೆ ಆಶೀರ್ವಾದಗಳು.

ಹೂಟಗಳ್ಳಿಯ ಹರೀಶನನ್ನು ಕರೆಸಿದ್ದೆ. ನನ್ನ ಹತ್ತಿರ ಓದಿದವನು, ಈಗ ಟೂರಿಸ್ಟ್ ಕಾರು ಓಡಿಸುತ್ತಾನೆ. ಓದುವಾಗ ಗೋವಾ ಎಲ್ಲಿದೆ ಅಂದರೆ ಲಕ್ಷದ್ವೀಪ ತೋರಿಸುತ್ತಿದ್ದ. ಈಗ ನನಗೇ ಪಾಠ ಹೇಳುತ್ತಾನೆ. "ಮೇಡಮ್ಮೋರೇ, ಸಂಕ್ರಾಂತಿ ರಜದಲ್ಲಿ ಮಾತ್ರ ಹೋಗ್ಬೇಡಿ, ಗೋವಾದಲ್ಲಿ ಸಿಕ್ಕಾಕ್ಕೊಂಡ್ಬುಡ್ತೀರ. ಹಬ್ಬ ಮುಗಿಸ್ಕೊಂಡು ಹೊರಟ್ಬುಡಿ. ದಿನಕ್ಕೆ ಇನ್ನೂರು ಕಿಲೋಮೀಟರ್ ಮೇಲೆ ಆಸೆ ಪಡ್ಬೇಡಿ, ಹೆಣ್ಮಕ್ಳು ಇಬ್ರೇ ಬೇರೆ" ಅಂದ. ಇಬ್ಬರು ಹೆಣ್ಣುಮಕ್ಕಳಾದರೆ ಕಿಲೋಮೀಟರ್ ಉದ್ದವಾಗುತ್ತದೇನೋ ಅಂದೆ. ನಕ್ಕ. ಆದರೂ ಅವನ ಮಾತು ಕೇಳೋಣ, ಜನವರಿ ಹದಿನೇಳು ಶನಿವಾರ ಹೊರಡೋಣ.

ಹುರಿದ ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ ನಾನು ತರುತ್ತೇನೆ. ಫ್ಲಾಸ್ಕು ನೀನು ತಾ. ದಾರಿಯ ಕಾಫಿಯನ್ನು ನಂಬಿಕೊಂಡು ಹೊರಡುವವಳಲ್ಲ ನಾನು.

ಇನ್ನು ನೀನು ಕೇಳಿದ್ದು. ಪೂರ್ತಿ ಹೇಳಿರಲಿಲ್ಲ, ನಿಜ. ನಿಮ್ಮ ಜಗಳದ ವಿಷಯ ಅವನು ನನಗೆ ಆವತ್ತೇ ಹೇಳಿದ್ದ. ಆಮೇಲೆ, "ಅಮ್ಮ, ನಾನು ತಪ್ಪು ಮಾಡ್ದೆ. ಮೈತ್ರೇಯಿ ಹತ್ರ ವಾಪಸ್ ಹೋಗ್ತೀನಿ" ಅಂದ. ಹಾಗಂದವನೇ ಕಾರು ತಿರುಗಿಸಿದ. ಅವನ ಬಾಯಲ್ಲಿ ಕೊನೆಗೆ ಇದ್ದದ್ದು ನಿನ್ನ ಹೆಸರು. ಗಂಡ ಸಿಟ್ಟಿನಲ್ಲಿ ಹೋದ ಅಂತ ನೀನು ಕೊರಗಬೇಕಾಗಿಲ್ಲ, ನಿನ್ನ ಹತ್ತಿರವೇ ಬರುತ್ತಿದ್ದ. ಇದನ್ನು ಸಮಾಧಾನ ಅಂತ ಇಟ್ಟುಕೊ.

ಕುಂದಾಪುರಕ್ಕೆ ಹೋಗಬೇಕಾಗಿಲ್ಲ ಅಂತ ಈಗಲೂ ನನ್ನ ಅಭಿಪ್ರಾಯ. ಆ ಕೋಣೆ ರದ್ದು ಮಾಡು.

ಪಂಕಜಾ


ಮುಲುಂಡ್
ಡಿಸೆಂಬರ್ 2, 2025

ಅತ್ತೆಯವರಿಗೆ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತು ಕೂತು ಎದ್ದಿದ್ದೇನೆ.

ಸಮಾಧಾನ ಅಂದಿರಿ. ಯಾವುದು ಸಮಾಧಾನ? ನನ್ನ ಹತ್ತಿರ ಬರಲು ತಿರುಗಿಸಿದರು, ಅದಕ್ಕೇ ಹೊನ್ನಾವರದಲ್ಲಿ ಹೋದರು. ನಿಮ್ಮ ಹತ್ತಿರವೇ ಬಂದಿದ್ದರೆ ಆವತ್ತು ಸಂಜೆ ಮಂಗಳೂರಿನಲ್ಲಿ ಇರುತ್ತಿದ್ದರು, ಮಾರನೆಯ ದಿನ ನಿಮ್ಮ ಅಡುಗೆಮನೆಯಲ್ಲಿ ಕೂತು ಊಟ ಮಾಡುತ್ತಿದ್ದರು. ಅಷ್ಟು ದಿನವೂ, ಪಾಪ ದಾರಿ ತಪ್ಪಿ ತಿರುಗಿರಬಹುದು, ಆಫೀಸಿನವರು ಕರೆದಿರಬಹುದು, ಏನಾದರೂ ಮರೆತಿರಬಹುದು ಅಂತ ಏನೇನೋ ಹೇಳಿಕೊಳ್ಳುತ್ತಿದ್ದೆ. ಈಗ ಯಾವುದೂ ಉಳಿಯಲಿಲ್ಲ. ನಾನು ಹೋಗು ಅಂದೆ, ಹೋದರು. ನನಗಾಗಿ ಬಂದರು, ಸತ್ತರು.

ವೈಕುಂಠದ ದಿನ ಅಡುಗೆಮನೆಯಲ್ಲಿ ನಿಮ್ಮ ಕಡೆಯವರೊಬ್ಬರು "ಗಂಡನ್ನ ನುಂಗ್ಕೊಂಡ್ಳು" ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಆಗ ಮೈ ಉರಿದುಹೋಗಿತ್ತು. ಈಗ, ಅವರು ಇದ್ದದ್ದನ್ನೇ ಅಂದರು ಅನ್ನಿಸುತ್ತಿದೆ.

ಕೆಲಸಕ್ಕೆ ಕ್ಲಿನಿಕ್ಕಿಗೆ ಹೋಗದೆ ಹನ್ನೆರಡು ದಿನವಾಯಿತು. ಇನ್ನೊಬ್ಬರ ಸೊಂಟ, ಮಂಡಿ ಸರಿಮಾಡುವ ಕೆಲಸ, ನನಗೇ ಹಾಸಿಗೆಯಿಂದ ಏಳಲಾಗುವುದಿಲ್ಲ. ಅಮ್ಮ ಡೊಂಬಿವಲಿಯಿಂದ ಬಂದು ಇಲ್ಲೇ ಇದ್ದಾಳೆ. ನನ್ನನ್ನು ಒಬ್ಬಳೇ ಬಿಡುವುದಿಲ್ಲ.

ಪ್ರವಾಸ ಮಾತ್ರ ಬಿಡುವುದಿಲ್ಲ. ಕುಂದಾಪುರದಲ್ಲಿ ಅವರು ತಿರುಗಿಸಿದ ಜಾಗ ನೋಡಬೇಕು. ಅಲ್ಲಿ ನಿಂತು ಏನು ಮಾಡುತ್ತೇನೋ ಗೊತ್ತಿಲ್ಲ.

ಮೈತ್ರೇಯಿ


ಲಕ್ಷ್ಮೀಪುರಂ, ಮೈಸೂರು
ಡಿಸೆಂಬರ್ 8, 2025

ಮೈತ್ರೇಯಿ,

ನಿನ್ನ ಪತ್ರ ಈಗ ತಾನೇ ಬಂತು. ಚಪ್ಪಲಿ ಕೂಡ ಬಿಡದೆ ಬರೆಯುತ್ತಿದ್ದೀನಿ, ಇವತ್ತಿನ ಸ್ಪೀಡ್ ಪೋಸ್ಟಿಗೇ ಹೋಗಬೇಕು. ನಿಧಾನವಾಗಿ ಓದು. ಓದುವಾಗ ನಿಮ್ಮಮ್ಮ ಪಕ್ಕದಲ್ಲಿರಲಿ.

ಅವನು ನಿನಗಾಗಿ ತಿರುಗಲಿಲ್ಲ. ತಿರುಗಿಸಿದವಳು ನಾನು.

ಆವತ್ತು ಮಧ್ಯಾಹ್ನ ಫೋನ್ ಮಾಡಿ, "ಅಮ್ಮ, ಕುಂದಾಪುರದಲ್ಲಿದ್ದೀನಿ. ಇವತ್ತು ಮಂಗಳೂರಲ್ಲಿ ಉಳ್ಕೊಂಡು ನಾಳೆ ಬಂದ್ಬುಡ್ತೀನಿ. ನಾಲ್ಕು ದಿನ ನಿನ್ನ ಜೊತೆ ಇರ್ತೀನಿ" ಅಂದ. ಅವಳೂ ಬರ್ತಾಳಾ ಅಂದೆ. ಇಲ್ಲ ಅಂದ, ಜಗಳದ ವಿಷಯ ಹೇಳಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ನಾಳೆ ಭೀಮನ ಅಮಾವಾಸ್ಯೆ.

ನಿಮ್ಮ ಮುಂಬೈ ಮನೆಗಳಲ್ಲಿ ಅದನ್ನು ಎಷ್ಟು ಆಚರಿಸುತ್ತಾರೋ ಕಾಣೆ. ನಮ್ಮಲ್ಲಿ ಹೆಂಡತಿ ಗಂಡನ ಕಾಲು ತೊಳೆದು ಪೂಜೆ ಮಾಡಿ ಅವನ ಆಯುಸ್ಸು ಬೇಡಿಕೊಳ್ಳುವ ದಿನ. ಗಂಡ ಆ ದಿನ ಮನೆಯಲ್ಲಿರಬೇಕು. ನಿಮ್ಮ ಮಾವ ಹೋಗುವವರೆಗೆ ಇಪ್ಪತ್ತಾರು ವರ್ಷ ನಾನೂ ಮಾಡಿದವಳೇ.

"ನಾಳೆ ಭೀಮನ ಅಮಾವಾಸ್ಯೆ ಕಣೋ. ಹೆಂಡ್ತಿ ಬಿಟ್ಟು, ತವರಿಗೆ ಬರೋ ಹೆಣ್ಣು ಥರ, ಅಮ್ಮನ ಮನೆಗೆ ಬರ್ತೀಯಾ? ವಾಪಸ್ ಹೋಗು. ಪೂಜೆ ಮಾಡಿಸ್ಕೋ. ಎಲ್ಲಾ ಸರಿಹೋಗತ್ತೆ. ಆಮೇಲೆ ಇಬ್ರೂ ಬನ್ನಿ" ಅಂದೆ.

"ಅಮ್ಮ, ಮಳೆ ಹುಯ್ತಾ ಇದೆ. ಎರಡು ದಿನದಿಂದ ಓಡಿಸ್ತಿದ್ದೀನಿ. ಸುಸ್ತಾಗಿದೆ" ಅಂದ.

"ಕಾಫಿ ಕುಡಿದು ಹೊರಡು. ನಾಳೆ ನಿನ್ನ ಮುಖ ನನಗೆ ತೋರಿಸ್ಬೇಡ" ಅಂದೆ.

ಶಾಸ್ತ್ರ ಒಂದು ನೆಪ, ಮೈತ್ರೇಯಿ. ನಿಜ ಹೇಳುತ್ತೇನೆ. ಮಾರನೆಯ ದಿನ ನನ್ನ ತಂಗಿ, ನಾದಿನಿ ಎಲ್ಲ ಊಟಕ್ಕೆ ಬರುವವರಿದ್ದರು. ಹಬ್ಬದ ದಿನ ಇವನು ಒಬ್ಬನೇ ಬ್ಯಾಗು ಹಿಡಿದು ಬಂದು ನಿಂತರೆ, ಸೊಸೆ ಎಲ್ಲಿ ಅಂತ ಕೇಳುತ್ತಾರೆ. ಅವರ ಮುಂದೆ ನನ್ನ ಮೂಗು ಕುಯ್ದ ಹಾಗಾಗುತ್ತದೆ ಅಂತ ಹೆದರಿದೆ. ಆ ಇಬ್ಬರು ಹೆಂಗಸರ ಬಾಯಿಗೆ ಹೆದರಿ ಮಗನನ್ನು ಮಳೆಗೆ ಅಟ್ಟಿದೆ.

"ಆಯ್ತು ಬಿಡಮ್ಮ" ಅಂದ. ಇನ್ನೂ ಏನೋ ಹೇಳಲು ಶುರುಮಾಡಿದ. ನಾನೇ ಫೋನ್ ಇಟ್ಟುಬಿಟ್ಟೆ. ಆಮೇಲೆ ಅದನ್ನು ಕಿವಿಗೆ ಇಟ್ಟಿಲ್ಲ.

ನಿನಗೆ ಸುಳ್ಳು ಬರೆದೆ. ನಿನ್ನ ಹತ್ತಿರವೇ ಬರುತ್ತಿದ್ದ ಅಂದರೆ ನಿನ್ನ ಜೀವಕ್ಕೆ ತಂಪಾಗಬಹುದು ಅಂದುಕೊಂಡೆ. ನನ್ನ ತಪ್ಪೂ ಮುಚ್ಚಿಹೋಗುತ್ತದೆ ಅಂತಲೂ ಇತ್ತು, ಇರಲಿಲ್ಲ ಅನ್ನುವುದಿಲ್ಲ. ಅದಕ್ಕೇ ನಿನ್ನನ್ನು ಅಂಕೋಲದಲ್ಲಿ ತಿರುಗಿಸಿಬಿಡಬೇಕು ಅಂತ ನೋಡಿದೆ. ನನ್ನ ಮನಸ್ಸು ದೊಡ್ಡದು ಅಂತ ಬರೆದೆ ನೀನು. ಅದನ್ನು ಓದಿ ಆವತ್ತು ಊಟ ಸೇರಲಿಲ್ಲ.

ಯಾರು ಏನಂದರೂ ನೀನು ಯಾರನ್ನೂ ನುಂಗಿಲ್ಲ. ಹೋಗು ಅಂತ ಹೆಂಡತಿ ಗಂಡನಿಗೆ ಸಾವಿರ ಸಲ ಅನ್ನುತ್ತಾಳೆ. ನಾನು ತಾಯಿ, ಬರುತ್ತೇನೆ ಅಂದವನನ್ನು ಬೇಡ ಅಂದೆ.

ಹದಿನೇಳಕ್ಕೆ ನಾನು ಬರಲೋ ಬೇಡವೋ ನೀನೇ ಹೇಳಬೇಕು.

ಪಂಕಜಾ


ಮುಲುಂಡ್
ಡಿಸೆಂಬರ್ 27, 2025

ಅತ್ತೆ,

ಇಷ್ಟು ದಿನ ನಿಮಗೆ ಬರೆಯುವಾಗ 'ಇವರು', 'ಅವರು' ಅಂತ ಬರೆದೆ. ನಮ್ಮ ಮನೆಯೊಳಗೆ ಅವನು ನನಗೆ 'ಅವನು' ಅಷ್ಟೇ. ಈ ಪತ್ರ ಹಾಗೇ ಬರೆಯುತ್ತೇನೆ. ಬೈಯುವುದಿದ್ದರೆ ಬೈಯಿರಿ.

ನಿಮ್ಮ ಪತ್ರ ಓದಿದ ದಿನ ನಿಮ್ಮನ್ನು ದ್ವೇಷಿಸಿದೆ. ಇಬ್ಬರು ಹೆಂಗಸರ ಬಾಯಿಗೆ ಹೆದರಿ! ಜೋರಾಗಿ ಕಿರುಚಿದೆ, ಪಕ್ಕದ ಫ್ಲ್ಯಾಟಿನವರು ಬಂದು ಬೆಲ್ ಮಾಡಿದರು. ಇದಕ್ಕಿಂತ ಹೆಚ್ಚು ನಾಚಿಕೆಯ ಮಾತು ಏನು ಗೊತ್ತಾ? ಹಗುರವೂ ಆಯಿತು. ಆವತ್ತು ಹೊಟ್ಟೆ ತುಂಬ ಊಟ ಮಾಡಿದೆ. ಸದ್ಯ ನಾನಲ್ಲ, ಅತ್ತೆ, ಅಂತ. ಒಂದು ವಾರ ಹಾಗೇ ಇದ್ದೆ, ಕ್ಲಿನಿಕ್ಕಿಗೂ ಹೋದೆ.

ಆಮೇಲೆ ನಿದ್ದೆ ಹೋಯಿತು. ಯಾಕೆಂದರೆ ನಿಮಗೆ ಗೊತ್ತಿಲ್ಲದ್ದು ಒಂದು ನನ್ನ ಹತ್ತಿರ ಇದೆ. ಅದನ್ನು ಅಮ್ಮನಿಗೂ ಹೇಳಿಲ್ಲ.

ಸೋಮವಾರ ಅವನು ಹೋದನಲ್ಲ, ಮಂಗಳವಾರ ಬೆಳಿಗ್ಗೆ ನಾನು ಬೀಗ ರಿಪೇರಿಯವನನ್ನು ಕರೆಸಿ ಬಾಗಿಲಿನ ಬೀಗ ಬದಲಾಯಿಸಿದೆ. ಅವನ ಹತ್ತಿರ ಇದ್ದ ಬೀಗದ ಕೈ ಇನ್ನು ಬಾಗಿಲಿಗೆ ಆಗಬಾರದು ಅಂತಲೇ. ಹೊಸ ಬೀಗ ಹಾಕಿಕೊಂಡು ಡೊಂಬಿವಲಿಗೆ ಹೋಗಿಬಿಟ್ಟೆ. ಅವನಿಗೆ ಹೇಳಲಿಲ್ಲ. ಬಂದು ನಿಂತು ನೋಡಿಕೊಳ್ಳಲಿ, ಗೊತ್ತಾಗಲಿ ಅಂದುಕೊಂಡೆ. ನಿಮ್ಮ ಭೀಮನ ಅಮಾವಾಸ್ಯೆ ಯಾವತ್ತು ಅಂತ ನಾನು ಕ್ಯಾಲೆಂಡರ್ ಕೂಡ ನೋಡಿರಲಿಲ್ಲ.

ನೀವು ಹೋಗು ಅಂದದ್ದು ಹೆಂಡತಿಯ ಹತ್ತಿರ. ಅಲ್ಲಿ ಹೆಂಡತಿ ಇರಲಿಲ್ಲ. ಇನ್ನೂರು ಮೈಲಿಯೋ ಐನೂರು ಮೈಲಿಯೋ ಮಳೆಯಲ್ಲಿ ಬಂದಿದ್ದರೂ, ಸುಖವಾಗಿ ಬಂದು ಮುಟ್ಟಿದ್ದರೂ, ಅವನು ಆ ಹಬ್ಬದ ಬೆಳಿಗ್ಗೆ ಹೊಸ ಬೀಗದ ಮುಂದೆ ಹಳೆ ಬೀಗದ ಕೈ ಹಿಡಿದು ನಿಂತಿರುತ್ತಿದ್ದ. ನೀವು ಬಾಗಿಲು ಹಾಕಿದ್ದು ಮಾತಿನಲ್ಲಿ. ನಾನು ನಿಜವಾಗಲೂ ಹಾಕಿದೆ.

ಹದಿನೇಳಕ್ಕೆ ಬರಬೇಡಿ. ಮುರುಡ್, ಗಣಪತಿಪುಳೆ, ಮಾಲ್ವಣ, ಕಾರವಾರ, ಕುಂದಾಪುರ, ಎಲ್ಲಾ ಕೋಣೆಗಳನ್ನೂ ಇವತ್ತು ರದ್ದು ಮಾಡಿದೆ. ಅಣ್ಣನಿಗೂ ಕಾರು ಬೇಡ ಅಂದೆ. ಐದು ದಿನ ಒಂದೇ ಕಾರಿನಲ್ಲಿ ನಾವಿಬ್ಬರು ಏನು ಮಾತಾಡುವುದು?

ಮೈತ್ರೇಯಿ


ಲಕ್ಷ್ಮೀಪುರಂ, ಮೈಸೂರು
ಜನವರಿ 9, 2026

ಮೈತ್ರೇಯಿ,

ಪತ್ರ ಬಂದು ಏಳು ದಿನವಾಯಿತು. ಮೊದಲ ನಾಲ್ಕು ದಿನ ನಿನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೀಗ ಬದಲಾಯಿಸಿದೆಯಾ? ನನ್ನ ಮಗನಿಗೆ? ಅವನ ಮನೆಗೆ? ದೇವರ ಮುಂದೆ ಕೂತು ಬಾಯಿಗೆ ಬಂದ ಹಾಗೆ ಬೈದೆ. ಒಂದು ಪತ್ರವನ್ನೂ ಬರೆದೆ. ಅದನ್ನು ನೀನು ಓದಿದ್ದರೆ ಮತ್ತೆ ನನ್ನ ಮುಖ ನೋಡುತ್ತಿರಲಿಲ್ಲ. ಅಂಚೆಪೆಟ್ಟಿಗೆಯವರೆಗೂ ಹೋಗಿದ್ದೆ.

ಅಲ್ಲಿ ನಿಂತಾಗ ಒಂದು ಹೊಳೆಯಿತು. ಈ ಪತ್ರ ಹಾಕಿದರೆ ಇನ್ನು ಮೇಲೆ ಸಮರ್ಥನ ವಿಷಯ ನಾನು ಯಾರ ಹತ್ತಿರ ಮಾತಾಡಲಿ? ತಂಗಿ ಆಯುಸ್ಸು ಅಷ್ಟೇ ಅನ್ನುತ್ತಾಳೆ. ನಾದಿನಿ ಕರ್ಮ ಅನ್ನುತ್ತಾಳೆ. ದೇವಿರಮ್ಮ ಪಾಪ ಅಳುತ್ತಾಳೆ. ನಾನು ಅವನಿಗೆ ಏನು ಮಾಡಿದೆ ಅಂತ ಗೊತ್ತಿರುವವಳು ಲೋಕದಲ್ಲಿ ನೀನೊಬ್ಬಳು. ನೀನು ಏನು ಮಾಡಿದೆ ಅಂತ ಗೊತ್ತಿರುವವಳು ನಾನೊಬ್ಬಳು. ಮನೆಗೆ ಬಂದು ಹರಿದುಹಾಕಿದೆ.

ಕ್ಷಮಿಸಿದೆ ಅಂತ ಬರೆಯುವುದಿಲ್ಲ. ಆಗಿಲ್ಲ. ನಿನಗೂ ಆಗಿರುವುದಿಲ್ಲ, ಆಗಿದೆ ಅಂತ ಬರೆದರೆ ನಂಬುವುದಿಲ್ಲ.

ಪ್ರವಾಸ ಬೇಡ ಅಂದದ್ದು ಸರಿ. ನನ್ನ ರೈಲಿನ ಟಿಕೆಟ್ಟನ್ನೂ ರದ್ದು ಮಾಡಿಸಿದೆ. ನೀನು ಸದ್ಯಕ್ಕೆ ಮೈಸೂರಿಗೆ ಬರಬೇಡ, ನಾನೂ ಅಲ್ಲಿಗೆ ಬರುವುದಿಲ್ಲ. ಎದುರೆದುರು ಕೂತರೆ ಏನಾದರೂ ಅಂದುಬಿಡುತ್ತೇವೆ.

ಆದರೆ ಪತ್ರ ನಿಲ್ಲಿಸಬೇಡ ಕಣಮ್ಮ. ನನ್ನನ್ನು ಬೈಯಬೇಕು ಅನ್ನಿಸಿದರೆ ಬೈದೇ ಬರಿ. 'ಅವನು' ಅಂತಲೇ ಬರಿ.

ಪಂಕಜಾ